ಸಾನ್ ಮರೀನೊ ರಾಜ್ಯದ ಒಂದು ಚುನಾವಣೆ

ಚುನಾವಣೆಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕೋಟಿಗಟ್ಟಲೆ ಜನ, ಲಕ್ಷಗಟ್ಟಲೆ ಮತಗಟ್ಟೆ, ತಿಂಗಳುಗಟ್ಟಲೆ ನಡೆಯುವ ಗದ್ದಲ. ಅಷ್ಟು ದೊಡ್ಡ ಸಂತೆಯಲ್ಲಿ ನಮ್ಮದೊಂದು ಮತ ಎಷ್ಟರದು ಎಂದು ಬೇಸರಪಡುವವರೂ ಉಂಟು. ಆದರೆ ಮತ ಹಾಕುವವರು ಕೆಲವೇ ಸಾವಿರ ಮಂದಿಯಾಗಿದ್ದು, ನಿಂತವನು ಪಕ್ಕದ ಬೀದಿಯವನೋ ಸೋದರಮಾವನ ಮಗನೋ ಆಗಿದ್ದು, ಗೆದ್ದವರೂ ಸೋತವರೂ ಮರುದಿನ ಬೆಳಗ್ಗೆ ಒಂದೇ ಅಂಗಡಿಯ ಮುಂದೆ ಎದುರುಬದುರಾಗಬೇಕಾದ ನಾಡಿನಲ್ಲಿ ಚುನಾವಣೆ ಹೇಗೆ ನಡೆದೀತು? ಯೂರೋಪು ಖಂಡದ ಸಾನ್ ಮರೀನೊ ರಾಜ್ಯದಲ್ಲಿ ೧೯೫೫ನೆಯ ಇಸವಿಯಲ್ಲಿ ನಡೆದ ಒಂದು ಚುನಾವಣೆಯ ಕಥೆಯನ್ನೂ, ಎರಡು ವರ್ಷಗಳ ತರುವಾಯ ಅದರಿಂದ ಹುಟ್ಟಿದ ಸಂಕಟವನ್ನೂ ವಾಚಕರ ಮುಂದಿಡಲು ನಾವು ಬಯಸುತ್ತೇವೆ. ಕಥೆಯು ಚಿಕ್ಕ ರಾಜ್ಯದ್ದು. ಆದರೆ ಅದು ಎತ್ತುವ ಪ್ರಶ್ನೆ ಚಿಕ್ಕದಲ್ಲ. ಜನರು ಕೊಟ್ಟ ಸ್ಥಾನವು ಯಾರ ಸೊತ್ತು? ಗೆದ್ದವನದೋ, ಅವನನ್ನು ನಿಲ್ಲಿಸಿದ ಪಕ್ಷದ್ದೋ, ಮತ ಕೊಟ್ಟವರದೋ?

ಮೊದಲು ಈ ನಾಡಿನ ಪರಿಚಯವಾಗಬೇಕು. ಆಡ್ರಿಯಾಟಿಕ್ ಸಮುದ್ರದ ದಡದಲ್ಲಿ ರಿಮಿನಿ ಎಂಬ ಇಟಲಿಯ ಪಟ್ಟಣವಿದೆ. ಅಲ್ಲಿಂದ ಒಳನಾಡಿನ ಕಡೆಗೆ ಸುಮಾರು ಇಪ್ಪತ್ತು ಕಿಲೋಮೀಟರು ಹೋದರೆ ಟಿಟಾನೊ ಎಂಬ ಕಡಿದಾದ ಬೆಟ್ಟವು ಎದುರಾಗುವುದು. ಅದರ ಮೂರು ಶಿಖರಗಳ ಮೇಲೆ ಮೂರು ಬುರುಜುಗಳು. ಬೆಟ್ಟದ ನೆತ್ತಿಯಲ್ಲಿ ರಾಜಧಾನಿ. ಸುತ್ತಲೂ ಇಳಿಜಾರಿನ ಹೊಲ, ದ್ರಾಕ್ಷಿತೋಟ, ಹಳ್ಳಿಗಳು. ಇಷ್ಟೆ ಆ ರಾಜ್ಯ. ಇದರ ವಿಸ್ತೀರ್ಣ ೬೧ ಚದರ ಕಿಲೋಮೀಟರು. ನಮ್ಮ ನಾಡಿನ ಅನೇಕ ಹೋಬಳಿಗಳು ಇದಕ್ಕಿಂತ ದೊಡ್ಡವು. ನಾಲ್ಕು ದಿಕ್ಕಿನಲ್ಲಿಯೂ ಇಟಲಿಯೇ. ನಾವು ಹೇಳುತ್ತಿರುವ ಕಾಲದಲ್ಲಿ ಅಲ್ಲಿಯ ಜನಸಂಖ್ಯೆ ಹದಿನೈದು ಸಾವಿರದ ಆಸುಪಾಸಿನಲ್ಲಿದ್ದಿತು.

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬಂತೆ ಈ ರಾಜ್ಯದ ವಯಸ್ಸು ಬಹು ದೊಡ್ಡದು. ಸಮುದ್ರದಾಚೆಯ ಡಾಲ್ಮೇಷಿಯಾ ಸೀಮೆಯಿಂದ ಬಂದ ಮರೀನಸ್ ಎಂಬ ಕಲ್ಲುಕುಟಿಗನು ಧರ್ಮಕ್ಕಾಗಿ ಹಿಂಸೆಗೆ ಗುರಿಯಾಗಿ, ಈ ಬೆಟ್ಟವನ್ನೇರಿ, ಕ್ರಿ. ಶ. ೩೦೧ರಲ್ಲಿ ಇಲ್ಲಿ ನೆಲೆಯೂರಿದನೆಂದು ಐತಿಹ್ಯ. ಐತಿಹ್ಯವು ಹೇಗಾದರೂ ಇರಲಿ, ಸುತ್ತಲಿನ ಸಂಸ್ಥಾನಗಳೆಲ್ಲ ಒಂದೊಂದಾಗಿ ಅಳಿದುಹೋದರೂ ರಾಜನಿಲ್ಲದ ಈ ರಾಜ್ಯ ಉಳಿಯಿತು. ೧೭೯೭ರಲ್ಲಿ ನೆಪೋಲಿಯನನು ಇದಕ್ಕೆ ಹೆಚ್ಚಿನ ಭೂಮಿಯನ್ನು ಕೊಡಮಾಡಲು ಮುಂದೆ ಬಂದಾಗ, ಆಂತೋನಿಯೊ ಒನೊಫ್ರಿ ಎಂಬ ಮುಂದಾಳಿನ ಮಾತಿನಂತೆ ಇಲ್ಲಿಯವರು ಅದನ್ನು ವಿನಯದಿಂದ ನಿರಾಕರಿಸಿದರು. ಪರರ ಭೂಮಿಯನ್ನು ಇಂದು ತೆಗೆದುಕೊಂಡರೆ ನಾಳೆ ಅವರು ಕೇಳಲು ಬರುವರೆಂಬ ವಿವೇಕ ಅವರಿಗಿದ್ದಿತು. ೧೮೪೯ರಲ್ಲಿ ಶತ್ರುಸೇನೆಯು ಬೆನ್ನಟ್ಟಿ ಬರುತ್ತಿದ್ದ ಗಾರಿಬಾಲ್ಡಿಗೆ ಇದೇ ಬೆಟ್ಟವು ಆಶ್ರಯವಾಯಿತು. ಇಟಲಿಯೆಲ್ಲ ಒಂದೇ ದೇಶವಾದ ಮೇಲೂ ಈ ಬೆಟ್ಟ ಮಾತ್ರ ಬೇರೆಯಾಗಿಯೇ ನಿಂತಿತು.

ಇಲ್ಲಿಯ ಆಡಳಿತದ ಕ್ರಮವೂ ವಿಚಿತ್ರವಾದುದು. ರಾಜ್ಯಕ್ಕೆ ಒಬ್ಬ ಮುಖ್ಯನಲ್ಲ, ಇಬ್ಬರು. ಇವರಿಗೆ ಕ್ಯಾಪ್ಟನ್ ರೀಜೆಂಟರೆಂದು ಹೆಸರು. ಇವರ ಅಧಿಕಾರ ಆರೇ ತಿಂಗಳು. ಏಪ್ರಿಲ್ ಒಂದನೆಯ ತಾರೀಖಿಗೂ ಅಕ್ಟೋಬರ್ ಒಂದನೆಯ ತಾರೀಖಿಗೂ ಹೊಸ ಜೋಡಿಯು ಪಟ್ಟಕ್ಕೆ ಬರುವುದು. ಒಮ್ಮೆ ಆದವರು ಮೂರು ವರ್ಷ ಕಳೆಯದೆ ಮತ್ತೆ ಆಗುವಂತಿಲ್ಲ. ಅಧಿಕಾರ ಮುಗಿದ ಕೂಡಲೆ, ಅವರು ತಪ್ಪಿ ನಡೆದಿದ್ದರೆ ಯಾವ ಪ್ರಜೆಯಾದರೂ ದೂರು ಕೊಡಬಹುದು. ಇವರನ್ನು ಆರಿಸುವುದು ಅರುವತ್ತು ಮಂದಿ ಸದಸ್ಯರ ಮಹಾಸಭೆ. ಪೂರ್ವದಲ್ಲಿ ಈ ಸಭೆಯ ಸದಸ್ಯರು ಸಾಯುವವರೆಗೂ ಸದಸ್ಯರು. ಒಬ್ಬನು ಸತ್ತರೆ ಉಳಿದವರೇ ಮತ್ತೊಬ್ಬನನ್ನು ತುಂಬಿಕೊಳ್ಳುತ್ತಿದ್ದರು. ೧೯೦೬ನೆಯ ಮಾರ್ಚ್ ೨೫ರಂದು ನಾಡಿನ ಮನೆಮನೆಯ ಯಜಮಾನರು ಹಳೆಯ ಸಂಪ್ರದಾಯದಂತೆ ಒಂದೆಡೆ ನೆರೆದು, ಇನ್ನು ಮೇಲೆ ಸಭೆಯು ಜನರಿಂದಲೇ ಆರಿಸಲ್ಪಡತಕ್ಕದ್ದೆಂದು ಬಹುಮತದಿಂದ ನಿರ್ಣಯಿಸಿದರು. ವಾಚಕರು ಒಂದು ಮಾತನ್ನು ಗಮನಿಸಬೇಕು: ನೆರೆದವರು ಮನೆಯ ಯಜಮಾನರು, ಯಜಮಾನಿಯರಲ್ಲ. ಈ ವಿಷಯಕ್ಕೆ ಮುಂದೆ ಬರುವೆವು.

ಜನರ ಕೈಗೆ ಬಂದ ಈ ಹಕ್ಕು ಬಹುಕಾಲ ನೆಮ್ಮದಿಯಿಂದ ಉಳಿಯಲಿಲ್ಲ. ಇಟಲಿಯಲ್ಲಿ ಮುಸೊಲೀನಿಯ ಫ್ಯಾಸಿಸ್ಟ್ ಪಕ್ಷವು ಮೇಲೆದ್ದಾಗ ಅದರ ನೆರಳು ಬೆಟ್ಟದ ಮೇಲೂ ಬಿದ್ದಿತು. ಸುಮಾರು ಇಪ್ಪತ್ತು ವರ್ಷ ಇಲ್ಲಿಯೂ ಒಂದೇ ಪಕ್ಷದ ಆಳಿಕೆ. ೧೯೪೩ನೆಯ ಜುಲೈ ೨೫ರಂದು ಮುಸೊಲೀನಿ ಬಿದ್ದನು. ಮೂರೇ ದಿನಗಳಲ್ಲಿ ಇಲ್ಲಿಯ ಫ್ಯಾಸಿಸ್ಟರೂ ಬಿದ್ದರು. ಮಹಾಯುದ್ಧದಲ್ಲಿ ಈ ರಾಜ್ಯವು ಯಾರ ಪಕ್ಷವನ್ನೂ ಹಿಡಿದಿರಲಿಲ್ಲ. ಆದರೂ ೧೯೪೪ನೆಯ ಜೂನ್ ೨೬ರಂದು ಬ್ರಿಟಿಷ್ ವಿಮಾನಗಳು ಬಾಂಬು ಸುರಿಸಿದುವು, ನಿರಪರಾಧಿಗಳು ಹತರಾದರು. ಆ ದಿನಗಳಲ್ಲಿಯೇ ಯುದ್ಧದ ಬೆಂಕಿಯಿಂದ ಓಡಿಬಂದ ಸುಮಾರು ಒಂದು ಲಕ್ಷ ನಿರಾಶ್ರಿತರಿಗೆ ಈ ಹಿಡಿಯಷ್ಟು ಜನ ಎಡೆಗೊಟ್ಟರೆಂಬುದನ್ನು ಕೇಳಿದರೆ ಮೈ ನವಿರೇಳುವುದು. ರಿಮಿನಿಯಿಂದ ಬರುವ ರೈಲುದಾರಿಯ ಸುರಂಗಗಳಲ್ಲಿ ಸಂಸಾರ ಸಂಸಾರಗಳೇ ಚಾಪೆ ಹಾಸಿ ಮಲಗಿದ್ದುವು. ತಮ್ಮ ಮನೆಯಲ್ಲಿ ಒಬ್ಬರಿರುವ ಕಡೆ ಆರು ಜನ ಅತಿಥಿಗಳನ್ನು ಇಟ್ಟುಕೊಂಡ ಆ ಗೃಹಿಣಿಯರ ಪಾಡನ್ನು ಗೃಹಿಣಿಯರೇ ಬಲ್ಲರು.

ಯುದ್ಧವು ದಾಟಿಹೋದ ಮೇಲೆ, ೧೯೪೫ನೆಯ ಮಾರ್ಚ್ ೧೧ರಂದು ಬೆಟ್ಟದ ಜನ ಮತ್ತೆ ಮತ ಹಾಕಿದರು. ಕಮ್ಯೂನಿಸ್ಟರೂ ಸಮಾಜವಾದಿಗಳೂ ಕೂಡಿ ನಿಂತು ಅರುವತ್ತರಲ್ಲಿ ನಲವತ್ತು ಸ್ಥಾನಗಳನ್ನು ಗೆದ್ದರು. ಅಂದಿನಿಂದ ಹನ್ನೆರಡು ವರ್ಷ ಈ ಎಡಪಕ್ಷಗಳ ಕೂಟವೇ ರಾಜ್ಯವನ್ನಾಳಿತು. ನಮ್ಮ ನೆರೆಯ ಕೇರಳದಲ್ಲಿ ೧೯೫೭ರಲ್ಲಿ ಮತಪೆಟ್ಟಿಗೆಯ ಮೂಲಕ ಕಮ್ಯೂನಿಸ್ಟ್ ಸರಕಾರವು ಬಂದುದನ್ನು ಎಲ್ಲರೂ ಬಲ್ಲರು. ಅದಕ್ಕೂ ಹನ್ನೆರಡು ವರ್ಷ ಮೊದಲೇ ಕಮ್ಯೂನಿಸ್ಟರು ಪಾಲುಗಾರರಾದ ಚುನಾಯಿತ ಸರಕಾರವೊಂದು ಈ ಪುಟ್ಟ ಬೆಟ್ಟದ ಮೇಲೆ ನಡೆಯುತ್ತಿದ್ದುದನ್ನು ಬಲ್ಲವರು ಕಡಿಮೆ. ಕಮ್ಯೂನಿಸ್ಟರ ಮುಂದಾಳು ಎರ್ಮೆನೆಜಿಲ್ಡೊ ಗಾಸ್ಪೆರೋನಿ. ಸಮಾಜವಾದಿಗಳಲ್ಲಿ ಹಿರಿಯನಾದ ಜೀನೊ ಜಾಕೊಮೀನಿಯು ವಿದೇಶ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದನು. ಎದುರು ಪಕ್ಷದಲ್ಲಿದ್ದವರು ಕ್ರೈಸ್ತ ಪ್ರಜಾಪಕ್ಷದವರು. ಸುತ್ತಲಿನ ಇಟಲಿಯನ್ನು ಆಳುತ್ತಿದ್ದುದೂ ಅದೇ ಬಗೆಯ ಪಕ್ಷವೆಂಬುದನ್ನು ನೆನಪಿನಲ್ಲಿಡಬೇಕು.

ಆಳುವುದು ಸುಲಭವಾಗಿರಲಿಲ್ಲ. ಯುದ್ಧದಿಂದ ರೈಲುದಾರಿ ಹಾಳಾಗಿದ್ದಿತು, ಕೆಲಸವಿಲ್ಲದವರು ಹೆಚ್ಚಿದರು, ಗಂಡಸರು ಕೂಲಿಯನ್ನರಸಿ ಇಟಲಿಗೂ ಫ್ರಾನ್ಸಿಗೂ ಅಮೇರಿಕಕ್ಕೂ ಹೋಗುತ್ತಿದ್ದರು. ಬೊಕ್ಕಸಕ್ಕೆ ಹೆಸರಾದ ಆದಾಯವೆಂದರೆ ಅಂಚೆಚೀಟಿಗಳು. ಲೋಕದ ಚೀಟಿಸಂಗ್ರಾಹಕರು ಕೊಳ್ಳಲೆಂದೇ ಅಂದವಾದ ಚೀಟಿಗಳನ್ನು ಅಚ್ಚುಹಾಕಿ ಈ ರಾಜ್ಯವು ಎಷ್ಟೋ ಖರ್ಚನ್ನು ತೂಗಿಸಿಕೊಂಡಿತು. ೧೯೪೯ರಲ್ಲಿ ಒಂದು ಜೂಜಿನ ಮನೆಯನ್ನು ತೆರೆಯಲಾಗಿ, ಇಟಲಿಯು ಸಿಟ್ಟಿಗೆದ್ದು ಗಡಿಯಲ್ಲಿ ಪೋಲೀಸರನ್ನು ನಿಲ್ಲಿಸಿತು; ಹೋಗಿಬರುವವರನ್ನೆಲ್ಲ ತಡೆದು ಶೋಧಿಸುವ ಕಾಟ ಆರಂಭವಾಯಿತು. ಕೊನೆಗೆ ಜೂಜಿನ ಮನೆಯನ್ನು ಮುಚ್ಚಬೇಕಾಯಿತು. ಸುತ್ತಲೂ ಒಬ್ಬನೇ ನೆರೆಯವನಿರುವಾಗ ಅವನೊಡನೆ ಜಗಳವಾಡಿ ಬಾಳುವುದೆಂತು?

ಎಡಪಕ್ಷಗಳ ಬಲವು ಏರಿಳಿಯುತ್ತ ಬಂದಿತು. ೧೯೫೧ರ ಚುನಾವಣೆಯಲ್ಲಿ ಅವರಿಗೆ ದೊರೆತುದು ೩೧, ಎದುರಾಳಿಗಳಿಗೆ ೨೯. ಒಬ್ಬನು ಅತ್ತಿಂದಿತ್ತ ಹೋದರೆ ಸರಿಸಮ, ಇಬ್ಬರು ಹೋದರೆ ಸರಕಾರವೇ ಇಲ್ಲ. ಇಂತಹ ಸ್ಥಿತಿಯಲ್ಲಿ ಪ್ರತಿಯೊಬ್ಬ ಸದಸ್ಯನೂ ಒಂದು ರಾಜ್ಯದ ತೂಕದವನಾಗುವನು. ತರುವಾಯ ೧೯೫೫ನೆಯ ಆಗಸ್ಟ್ ೧೪ರ ಭಾನುವಾರ ಮತ್ತೆ ಚುನಾವಣೆ. ಗಂಡಸರು ಮಾತ್ರ ಮತ ಹಾಕಿದರು. ಕಮ್ಯೂನಿಸ್ಟರಿಗೆ ೧೯, ಸಮಾಜವಾದಿಗಳಿಗೆ ೧೬, ಕ್ರೈಸ್ತ ಪ್ರಜಾಪಕ್ಷಕ್ಕೆ ೨೩, ಅವರೊಡನಿದ್ದ ಸಣ್ಣ ಪಕ್ಷವೊಂದಕ್ಕೆ ೨. ಅಂದರೆ ೩೫ಕ್ಕೆ ೨೫. ಹತ್ತು ಸ್ಥಾನಗಳ ಮುಂದು. ಇನ್ನು ಚಿಂತೆಯಿಲ್ಲವೆಂದು ಗೆದ್ದವರು ಉಸಿರುಬಿಟ್ಟಿರಬೇಕು.

ಆದರೆ ಈ ಗೆಲುವಿನ ಹಿಂದೆ ಒಂದು ಏರ್ಪಾಡು ಇದ್ದಿತು. ಎಡಪಕ್ಷಗಳ ಪಟ್ಟಿಯಿಂದ ನಿಂತವರು ತಾರೀಖನ್ನು ಬರೆಯದ ಒಂದೊಂದು ರಾಜೀನಾಮೆಗೆ ರುಜು ಹಾಕಿ ಪಕ್ಷದ ಕೈಗೆ ಕೊಟ್ಟಿದ್ದರು. ಸದಸ್ಯನು ಪಕ್ಷವನ್ನು ಬಿಟ್ಟರೆ ಪಕ್ಷವು ತಾರೀಖನ್ನು ತುಂಬಿ ಕಾಗದವನ್ನು ಒಪ್ಪಿಸಿಬಿಡಬಹುದು. ಪಕ್ಷದ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಒಂದು ನ್ಯಾಯವೂ ತೋರುವುದು: ಜನರು ಮತ ಕೊಟ್ಟುದು ಪಟ್ಟಿಗೆ, ಪಟ್ಟಿಯ ಬಲದಿಂದ ಗೆದ್ದವನು ಅದನ್ನು ಬಿಟ್ಟು ಹೋಗುವಾಗ ಸ್ಥಾನವನ್ನು ಜೊತೆಗೆ ಕೊಂಡೊಯ್ಯುವುದು ಸರಿಯೆ? ಆದರೆ ಇನ್ನೊಂದು ಮಗ್ಗುಲೂ ಉಂಟು. ಆಡುವ ಮೊದಲೇ ತನ್ನ ನಾಲಗೆಯನ್ನು ಒತ್ತೆಯಿಟ್ಟವನು ಜನರ ಪ್ರತಿನಿಧಿಯೆನಿಸಿಕೊಳ್ಳುವುದು ಹೇಗೆ?

೧೯೫೬ರಲ್ಲಿ ಲೋಕದಲ್ಲಿ ಎರಡು ದೊಡ್ಡ ಸಂಗತಿಗಳು ನಡೆದುವು. ರಷ್ಯದಲ್ಲಿ ಕ್ರುಶ್ಚೇವನು ಸ್ಟಾಲಿನನ ಕ್ರೂರ ಕಾರ್ಯಗಳನ್ನು ಬಯಲಿಗೆಳೆದನು. ಅದೇ ವರ್ಷ ಹಂಗೆರಿಯಲ್ಲಿ ಎದ್ದ ಜನರ ದಂಗೆಯನ್ನು ರಷ್ಯದ ಸೇನೆಯು ತುಳಿಯಿತು. ಎಲ್ಲಿಯ ಹಂಗೆರಿ, ಎಲ್ಲಿಯ ಟಿಟಾನೊ ಬೆಟ್ಟ! ಆದರೂ ಆ ಬಿರುಗಾಳಿ ಇಲ್ಲಿಗೂ ಬೀಸಿತು. ಕಮ್ಯೂನಿಸ್ಟರ ಸಂಗವನ್ನು ಇನ್ನೂ ಇಟ್ಟುಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆಯ ಮೇಲೆ ಸಮಾಜವಾದಿ ಪಕ್ಷವು ಒಡೆಯಿತು. ೧೯೫೭ರಲ್ಲಿ ಐದು ಮಂದಿ ಸದಸ್ಯರು ಹೊರಬಿದ್ದು ಬೇರೆ ಪಕ್ಷವನ್ನು ಕಟ್ಟಿದರು. ಇವರಲ್ಲಿ ಅಲ್ವಾರೊ ಕಸಾಲಿಯು ಮುಖ್ಯನು. ಮೂವತ್ತಕ್ಕೆ ಮೂವತ್ತು! ತಕ್ಕಡಿಯ ಎರಡು ತಟ್ಟೆಗಳೂ ಸಮನಾಗಿ ನಿಂತುವು. ಯಾವ ಶಾಸನವೂ ಮುಂದೆ ಸಾಗದು, ಯಾರನ್ನೂ ಇಳಿಸಲಾಗದು.

ಸೆಪ್ಟೆಂಬರ್ ೧೯ರಂದು ಮಹಾಸಭೆಯು ಸೇರಿ, ಅಕ್ಟೋಬರ್ ಒಂದರಿಂದ ಆಳಬೇಕಾದ ಹೊಸ ರೀಜೆಂಟರನ್ನು ಆರಿಸತಕ್ಕದ್ದಾಗಿದ್ದಿತು. ಅದರ ಮುನ್ನಾದಿನ ಕಮ್ಯೂನಿಸ್ಟರ ಪಟ್ಟಿಯಿಂದ ಗೆದ್ದಿದ್ದ ಪಕ್ಷೇತರನೊಬ್ಬನು ಎದುರು ಪಕ್ಷವನ್ನು ಸೇರಿದನು. ೩೧ಕ್ಕೆ ೨೯. ಆಗ ಪಕ್ಷದ ಪೆಟ್ಟಿಗೆಯಲ್ಲಿದ್ದ ಆ ಹಳೆಯ ಕಾಗದಗಳು ಹೊರಗೆ ಬಂದುವು. ಎಡಪಕ್ಷಗಳ ಪಟ್ಟಿಯಿಂದ ಬಂದವರೆಲ್ಲರೂ ರಾಜೀನಾಮೆ ಕೊಟ್ಟಿರುವರೆಂದೂ, ಅರ್ಧಕ್ಕಿಂತ ಹೆಚ್ಚು ಸ್ಥಾನಗಳು ಬರಿದಾದುದರಿಂದ ಸಭೆಯು ವಿಸರ್ಜನೆಯಾಯಿತೆಂದೂ, ನವೆಂಬರ್ ೩ರಂದು ಹೊಸ ಚುನಾವಣೆ ನಡೆಯುವುದೆಂದೂ ಅಧಿಕಾರದಲ್ಲಿದ್ದ ರೀಜೆಂಟರು ಸಾರಿದರು. ಪಕ್ಷವನ್ನು ಬಿಟ್ಟುಹೋದವರ ಕಾಗದಗಳೂ ಆ ಕಟ್ಟಿನಲ್ಲಿದ್ದುವು. ತಾವು ರಾಜೀನಾಮೆ ಕೊಟ್ಟಿಲ್ಲವೆಂದು ಅವರು ಕೂಗಿ ಹೇಳುತ್ತಿದ್ದರೂ ಅವರ ರುಜುವು ಕೊಟ್ಟಿದ್ದೇವೆನ್ನುತ್ತಿದ್ದಿತು! ಸಭೆಗೆಂದು ಬಂದ ಮೂವತ್ತೊಂದು ಮಂದಿಗೆ ಅರಮನೆಯ ಬಾಗಿಲು ಮುಚ್ಚಿದ್ದಿತು. ಆ ಬಾಗಿಲಿನೆದುರಿಗೆ, ಚೌಕದ ನಡುವೆ, ಮೂರು ಬುರುಜುಗಳ ಕಿರೀಟವನ್ನು ತೊಟ್ಟ ಸ್ವಾತಂತ್ರ್ಯದೇವಿಯ ಅಮೃತಶಿಲೆಯ ಮೂರ್ತಿಯು ನಿಂತಿದೆ. ಅವಳು ಅಂದು ಏನನ್ನು ನೋಡಿದಳೋ!

ಸೆಪ್ಟೆಂಬರ್ ೩೦ರ ನಡುರಾತ್ರಿಗೆ ಹಳೆಯ ರೀಜೆಂಟರ ಆರು ತಿಂಗಳು ಮುಗಿಯಿತು. ಹೊಸಬರನ್ನು ಆರಿಸಿರಲಿಲ್ಲ. ಹಳಬರು ಅಧಿಕಾರವನ್ನು ಬಿಡಲಿಲ್ಲ. ಆ ರಾತ್ರಿಯೇ ಎದುರು ಪಕ್ಷದ ಸದಸ್ಯರು ಇಟಲಿಯ ಗಡಿಗೆ ತಾಗಿಕೊಂಡಿರುವ ರೊವೆರೆಟಾ ಎಂಬ ಸ್ಥಳಕ್ಕೆ ಹೋಗಿ, ಅಲ್ಲಿದ್ದ ಬರಿದಾದ ಕಾರ್ಖಾನೆಯ ಕಟ್ಟಡವನ್ನು ಹೊಕ್ಕು, ಇದೇ ಇನ್ನು ಮೇಲೆ ರಾಜ್ಯದ ತಾತ್ಕಾಲಿಕ ಸರಕಾರವೆಂದು ಘೋಷಿಸಿದರು. ಕ್ರೈಸ್ತ ಪ್ರಜಾಪಕ್ಷದ ಫೆದೆರೀಕೊ ಬೀಜಿ ಅವರಲ್ಲಿ ಪ್ರಮುಖನು. ಬೆಳಗಾದಾಗ ಅರುವತ್ತೊಂದು ಚದರ ಕಿಲೋಮೀಟರಿನ ನಾಡಿಗೆ ಎರಡು ಸರಕಾರಗಳು: ಒಂದು ಬೆಟ್ಟದ ಮೇಲಿನ ಅರಮನೆಯಲ್ಲಿ, ಇನ್ನೊಂದು ಬೆಟ್ಟದ ಬುಡದ ಕಾರ್ಖಾನೆಯಲ್ಲಿ.

ಇಟಲಿಯು ವಿಳಂಬ ಮಾಡದೆ ಕಾರ್ಖಾನೆಯ ಸರಕಾರವನ್ನೇ ನಿಜವಾದುದೆಂದು ಒಪ್ಪಿತು, ಅಮೇರಿಕವೂ ಒಪ್ಪಿತು. ಇಟಲಿಯ ಶಸ್ತ್ರಧಾರಿ ಪೋಲೀಸರು ಗಡಿಯನ್ನು ಸುತ್ತುವರಿದರು. ಬೆಟ್ಟದ ಮೇಲಿನವರು ಸ್ವಯಂಸೇವಕರಿಗೆ ಬಂದೂಕುಗಳನ್ನು ಕೊಟ್ಟರು. ಬುಡದಲ್ಲಿದ್ದವರ ಬಳಿಯೂ ಆಯುಧಗಳಿದ್ದುವು. ಒಂದೇ ಪೂಜಾಮಂದಿರಕ್ಕೆ ಹೋಗುವವರು, ಒಂದೇ ಶಾಲೆಯಲ್ಲಿ ಓದಿದವರು, ಬೀಗರು, ನೆಂಟರು ಎದುರೆದುರಾಗಿ ಕಾವಲು ನಿಂತರು. ಒಂದು ಗುಂಡು ತಪ್ಪಿ ಹಾರಿದ್ದರೆ ಎಷ್ಟು ಮನೆಗಳ ದೀಪ ಆರುತ್ತಿದ್ದಿತೋ! ಹಾಗಾಗಲಿಲ್ಲ. ಹನ್ನೊಂದು ದಿನಗಳಾದ ಮೇಲೆ, ಅಕ್ಟೋಬರ್ ೧೧ರಂದು, ಬೆಟ್ಟದ ಮೇಲಿನವರು ಮಣಿದರು. ಕೆಲವೇ ದಿನಗಳಲ್ಲಿ ಕಾರ್ಖಾನೆಯಲ್ಲಿದ್ದವರು ಅರಮನೆಯನ್ನು ಪ್ರವೇಶಿಸಿದರು. ಯಾರ ಪ್ರಾಣವೂ ಹೋಗಲಿಲ್ಲ. ಈ ಒಂದು ಕಾರಣಕ್ಕಾಗಿಯೇ ಎರಡು ಪಕ್ಷದವರಿಗೂ ನಮಸ್ಕಾರ ಸಲ್ಲಬೇಕು.

ಹಾಗಾದರೆ ನ್ಯಾಯವು ಯಾರ ಕಡೆಗಿದ್ದಿತು? ತಾರೀಖಿಲ್ಲದ ಕಾಗದವನ್ನು ತೆಗೆದು ಸಭೆಯನ್ನೇ ಮುಚ್ಚಿದುದು ಅನ್ಯಾಯವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಮನಸ್ಸು ಬದಲಾದುದನ್ನು ತಿಳಿದೂ ಹಳೆಯ ರುಜುವನ್ನು ಮುಂದೆಮಾಡುವುದು, ಸಾಲ ತೀರಿದ ಮೇಲೂ ಪತ್ರವನ್ನು ಬಚ್ಚಿಟ್ಟುಕೊಂಡ ಸಾಹುಕಾರನ ಕೆಲಸದಂತೆಯೇ ಸರಿ. ಆದರೆ ಗೆದ್ದವರ ಪಕ್ಷವೂ ಪೂರ್ತಿ ನಿರ್ಮಲವಾಗಿರಲಿಲ್ಲ. ೧೯೫೫ರಲ್ಲಿ ಜನರು ಎಡಪಕ್ಷಗಳಿಗೆ ಕೊಟ್ಟ ಸ್ಥಾನಗಳಲ್ಲಿ ಆರು ಈಗ ಎದುರು ಪಕ್ಷದ ಕಡೆ ಇದ್ದುವು. ಇದನ್ನು ಒಪ್ಪುವಿರಾ ಎಂದು ಮತ ಕೊಟ್ಟವರನ್ನು ಯಾರೂ ಕೇಳಿರಲಿಲ್ಲ. ನವೆಂಬರ್ ೩ರ ಚುನಾವಣೆ ನಡೆಯಲೇ ಇಲ್ಲ. ಜನರಿಗೆ ಮಾತನಾಡುವ ಸರದಿ ಬಂದುದು ೧೯೫೯ನೆಯ ಸೆಪ್ಟೆಂಬರ್ ೧೩ರಂದು. ಅಂದು ಕ್ರೈಸ್ತ ಪ್ರಜಾಪಕ್ಷಕ್ಕೆ ೨೭, ಒಡೆದು ಬಂದ ಸಮಾಜವಾದಿಗಳಿಗೆ ೯, ಕಮ್ಯೂನಿಸ್ಟರಿಗೆ ೧೬, ಹಳೆಯ ಸಮಾಜವಾದಿ ಪಕ್ಷಕ್ಕೆ ೮ ಸ್ಥಾನಗಳು ದೊರೆತುವು. ಬದಲಾವಣೆಯನ್ನು ಮತದಾರರು ಒಪ್ಪಿದಂತಾಯಿತು. ಆದರೆ ಹೊರಗಿನ ಬಲಾಢ್ಯನ ಪೋಲೀಸರು ಬಾಗಿಲಲ್ಲಿ ನಿಂತಿದ್ದಾಗ ಆದ ತೀರ್ಪಿಗಿಂತ, ಎರಡು ವರ್ಷ ಮೊದಲೇ ಮತಪೆಟ್ಟಿಗೆಯಿಂದ ಬಂದ ತೀರ್ಪು ಇನ್ನೂ ಶೋಭಿಸುತ್ತಿದ್ದಿತಲ್ಲವೆ?

ಈಗ ಯಜಮಾನಿಯರ ವಿಷಯ. ೧೯೦೬ರ ನೆರವಿಯಿಂದ ಮೊದಲ್ಗೊಂಡು ಈ ಎಲ್ಲ ಗಲಭೆಯಲ್ಲಿಯೂ ಹೆಂಗಸರ ಮತಕ್ಕೆ ಸ್ಥಳವಿರಲಿಲ್ಲ. ಸುರಂಗದಲ್ಲಿ ನಿರಾಶ್ರಿತರಿಗೆ ಗಂಜಿ ಬೇಯಿಸಿದವರು ಅವರು. ಗಂಡಂದಿರು ಪರದೇಶಕ್ಕೆ ದುಡಿಯಲು ಹೋದಾಗ ಹೊಲವನ್ನೂ ಮನೆಯನ್ನೂ ನೋಡಿಕೊಂಡವರು ಅವರು. ಎರಡು ಸರಕಾರಗಳ ನಡುವೆ ಅಣ್ಣನೊಂದು ಕಡೆ ಗಂಡನೊಂದು ಕಡೆ ನಿಂತಾಗ ನಿದ್ದೆಗೆಟ್ಟವರೂ ಅವರೇ. ಸಮಾನತೆಯ ಮಾತನಾಡುತ್ತಿದ್ದ ಎಡಪಕ್ಷಗಳ ಹನ್ನೆರಡು ವರ್ಷದ ಆಳಿಕೆಯಲ್ಲಿಯೂ ಅವರಿಗೆ ಮತಪೆಟ್ಟಿಗೆಯ ದಾರಿ ತೆರೆಯಲಿಲ್ಲ. ೧೯೫೮ರ ಕೊನೆಯಲ್ಲಿ ಹೊಸ ಸರಕಾರವು ಅವರಿಗೆ ಮತದ ಹಕ್ಕನ್ನು ಕೊಡುವ ಶಾಸನವನ್ನು ಮಾಡಿತು. ಆದರೆ ೧೯೫೯ರ ಚುನಾವಣೆಗೆ ಅದು ಅನ್ವಯಿಸಲಿಲ್ಲ. ಹೆಂಗಸರು ಮೊದಲ ಬಾರಿಗೆ ಮತ ಹಾಕಿದುದು ೧೯೬೪ರಲ್ಲಿ. ಚುನಾವಣೆಗೆ ತಾವೇ ನಿಲ್ಲುವ ಹಕ್ಕು ೧೯೭೩ರವರೆಗೆ ಕಾಯಿಸಿತು. ೧೯೮೧ನೆಯ ಏಪ್ರಿಲಿನಲ್ಲಿ ಮರಿಯಾ ಲೇಯಾ ಪೆದೀನಿ ಆಂಜೆಲೀನಿ ಎಂಬಾಕೆ ಕ್ಯಾಪ್ಟನ್ ರೀಜೆಂಟರ ಪಟ್ಟವನ್ನೇರಿದಳು. ಶತಮಾನಗಳ ಆ ಸಾಲಿನಲ್ಲಿ ಆಕೆಯೇ ಮೊದಲನೆಯ ಹೆಂಗಸು.

ಈಗಲೂ ಏಪ್ರಿಲ್ ಒಂದರಂದು ಮತ್ತು ಅಕ್ಟೋಬರ್ ಒಂದರಂದು ಬೆಟ್ಟದ ಮೇಲೆ ಹೊಸ ಜೋಡಿಯು ಪಟ್ಟಕ್ಕೆ ಬರುವುದು ತಪ್ಪಿಲ್ಲ. ಅದರ ತರುವಾಯದ ಮೊದಲನೆಯ ಭಾನುವಾರ ಯಾವ ಪ್ರಜೆಯಾದರೂ ತನ್ನ ಬಿನ್ನಹವನ್ನು ರೀಜೆಂಟರ ಕೈಗೆ ಒಪ್ಪಿಸಬಹುದು. ೧೯೦೬ರಲ್ಲಿ ನೆರೆದ ಆ ಹಳೆಯ ಕೂಟದ ಹೆಸರಿನಲ್ಲಿಯೇ ಈ ಪದ್ಧತಿಯು ನಡೆದುಬಂದಿದೆ. ರೊವೆರೆಟಾದ ಹೆಸರನ್ನು ಎತ್ತಿದರೆ ಹಿರಿಯರ ಮನೆಗಳಲ್ಲಿ ಬಹುಕಾಲ ಮಾತು ಬಿಸಿಯೇರುತ್ತಿದ್ದಿತು. ಇಂತಹ ಗಾಯ ಚಿಕ್ಕ ಊರಿನಲ್ಲಿ ಬೇಗ ಮಾಯದು. ನಾವು ಈ ಕಥೆಯನ್ನು ಓದಿದಾಗಲೆಲ್ಲ ನಮ್ಮ ಮನಸ್ಸು ಬಂದು ನಿಲ್ಲುವುದು ಅರಮನೆಯ ಬಳಿಯಲ್ಲ, ಕಾರ್ಖಾನೆಯ ಬಳಿಯಲ್ಲ. ಚುನಾವಣೆಗೆ ಮೊದಲು ಒಂದು ದಿನ ಪಕ್ಷದ ಕಚೇರಿಯ ಮೇಜಿನ ಮುಂದೆ ಕುಳಿತು, ತಾರೀಖಿಲ್ಲದ ಕಾಗದವನ್ನು ನೋಡಿ, ಇದೆಲ್ಲ ನೇಮಕ್ಕೆ ಮಾತ್ರವೆಂದು ರುಜು ಹಾಕಿ ಎದ್ದುಬಂದ ಆ ಸಾಮಾನ್ಯ ಮನುಷ್ಯನ ಬಳಿ. ಅಂದು ಅವನು ಲೇಖನಿಯನ್ನು ಕೆಳಗಿಟ್ಟು, ತಾರೀಖಿಲ್ಲದುದಕ್ಕೆ ರುಜು ಹಾಕುವುದಿಲ್ಲವೆಂದಿದ್ದರೆ, ಎರಡು ವರ್ಷಗಳ ಮೇಲೆ ಅವನ ನೆರೆಯವರು ಬಂದೂಕು ಹಿಡಿದು ಎದುರೆದುರು ನಿಲ್ಲುವ ಪ್ರಸಂಗವೇ ಬರುತ್ತಿರಲಿಲ್ಲವೇನೋ.